ಎದೆಯನ್ನು ಓಡಿಸಿ ನೋಡಿದರು

೯ ಫೆಬ್ರವರಿ, ಸೋಮವಾರ

ಚಿನ್ನು ಮಗಳೇ,

ಇಬ್ಬರೂ ಸುಖವಾಗಿದ್ದೀರಿ ತಾನೇ? ನಿನ್ನ ಪತ್ರ ಬಂದು ಮೂರು ವಾರವಾಯಿತು. ಬೈಯಬೇಡ. ಬರೆಯಲು ಕೂತಾಗಲೆಲ್ಲ ಪೆನ್ನು ಬಿಟ್ಟು ನಾಡಿ ಹಿಡಿದು ನೋಡಿಕೊಳ್ಳುತ್ತಿದ್ದೆ.

ಶಾಲೆಯ ಮೈದಾನದಲ್ಲಿ ನಾನು ತಲೆಸುತ್ತಿ ಬಿದ್ದದ್ದು ನಿನಗೆ ಗೊತ್ತು. ಆಮೇಲೆ ಎದೆಗೊಂದು ಯಂತ್ರ ಅಂಟಿಸಿ ಎರಡು ದಿನ ಓಡಾಡಿಸಿದರು. ಅದರಲ್ಲಿ ಏನೋ ಕಂಡಿತಂತೆ. ತೊಡೆಸಂದಿನ ರಕ್ತನಾಳದಿಂದ ತಂತಿ ಹಾಯಿಸಿ ಹೃದಯದ ಒಳಗೇ ಪರೀಕ್ಷೆ ಮಾಡಬೇಕೆಂದರು. ಆ ವಾರವೇ ನಾನು ಬೀರು ಜೋಡಿಸಿ, ಯಾವ ಬಟ್ಟೆ ಯಾರಿಗೆಂದು ಚೀಟಿ ಅಂಟಿಸಿದೆ. "ಎಲ್ಲಿಗಾದ್ರೂ ಹೊರಟಿದೀಯಾ?" ಎಂದರು ನಿನ್ನಪ್ಪ. ನಾನು ಇನ್ನೊಂದು ಚೀಟಿ ಅಂಟಿಸಿದೆ.

ಪರೀಕ್ಷೆ ಮಾಡುವ ಕೋಣೆಯಲ್ಲಿ ವಿಪರೀತ ಚಳಿ. ಕೈಗಳನ್ನು ಪಟ್ಟಿಯಿಂದ ಕಟ್ಟಿದರು. "ಈಗ ನಾವೇ ನಿಮ್ಮ ಎದೆ ಓಡಿಸ್ತೀವಮ್ಮ, ಎಲ್ಲಿ ತಪ್ಪುತ್ತೆ ನೋಡ್ಬೇಕು," ಎಂದಳು ನರ್ಸ್.

"ಮೂವತ್ತು ವರ್ಷದಿಂದ ನಂದೂ ಅದೇ ಕೆಲಸ, ಡ್ರಿಲ್ ಟೀಚರು," ಅಂದೆ. ಅವಳು ನಕ್ಕಳು. ಅಷ್ಟರಲ್ಲಿ ಎದೆಯೊಳಗೆ ಏನೋ ಕಿತ್ತುಕೊಂಡು ಓಡಿತು. "ಬಂತು, ಬಂತು," ಎಂದು ಡಾಕ್ಟರು ಕೂಗಿದ್ದಷ್ಟೇ ನೆನಪು. ಎಚ್ಚರವಾದಾಗ ಎದೆಯ ಮೇಲೆ ಇಸ್ತ್ರಿಪೆಟ್ಟಿಗೆ ತಾಗಿಸಿದಂಥ ಕೆಂಪು ಗುರುತು. ಕರೆಂಟು ಕೊಟ್ಟು ವಾಪಸ್ ತಂದರಂತೆ.

ಪರೀಕ್ಷೆ ಮುಗಿದರೆ ಭಯವೂ ಮುಗಿಯುತ್ತದೆ ಅಂದುಕೊಂಡಿದ್ದೆ. ಈಗ ಒಂದು ಬಡಿತ ಆಯಿತೆಂದರೆ ಇನ್ನೊಂದಕ್ಕೆ ಕಾಯುತ್ತೇನೆ. ನಿನ್ನಪ್ಪ ಬಚ್ಚಲಿನ ಚಿಲಕ ಕಳಚಿಟ್ಟು, ಹೊರಗೆ ಕುರ್ಚಿ ಹಾಕಿಕೊಂಡು ಕೂರುತ್ತಾರೆ. "ಇದೀಯೇನೇ?" "ಇದೀನಿ." ಮುಂದಿನ ತಿಂಗಳು ಚರ್ಮದಡಿ, ಬಡಿತ ತಪ್ಪಿದರೆ ತಾನೇ ಕರೆಂಟು ಕೊಡುವ ಒಂದು ಯಂತ್ರ ಇಡುತ್ತಾರೆ.

ಇದು ಹುಟ್ಟಿನಿಂದ ಬಂದ ದೋಷವಂತೆ, ಮಕ್ಕಳಿಗೂ ಹೋಗಬಹುದಂತೆ. ಈ ವಾರವೇ ನೀನೂ ತೋರಿಸಿಕೋ. ನಾಳೆ ನಾಡಿದ್ದು ಅನ್ನಬೇಡ.

ನೂರು ಕಾಲ ಬಾಳು ತಾಯಿ. ಅಳಿಯಂದಿರಿಗೂ ನನ್ನ ಆಶೀರ್ವಾದ.

ನಿನ್ನ
ಅಮ್ಮ

ತಾ.ಕ.: "ಮನೇಲಿ ಚಿಕ್ಕ ವಯಸ್ಸಲ್ಲಿ ಯಾರಾದ್ರೂ ಹಠಾತ್ತಾಗಿ ಹೋಗಿದಾರಾ?" ಎಂದು ಡಾಕ್ಟರು ಕೇಳಿದರು. ನಿನ್ನಪ್ಪ ನಿನ್ನ ತಮ್ಮನ ವಿಷಯ ಹೇಳಿದರು. ಅವನು ಬಿಸಿಲು ತಾಳದೆ ಬಿದ್ದ ಎಂದೇ ಹನ್ನೊಂದು ವರ್ಷದಿಂದ ನಾವು ಹೇಳಿಕೊಂಡು ಬಂದಿದ್ದೇವೆ. ನಿನ್ನಪ್ಪನಿಗೂ ಹೇಳದ್ದನ್ನು ನಿನಗೆ ಬರೆಯುತ್ತಿದ್ದೇನೆ. ಆ ದಿನ ನನ್ನ ಡ್ರಿಲ್ ತರಗತಿಯಲ್ಲಿ, ಮೈದಾನದ ಮೂರನೇ ಸುತ್ತಿನಲ್ಲಿ ಅವನು ಓಟ ನಿಲ್ಲಿಸಿ ನನ್ನ ಹತ್ತಿರ ಬಂದ. "ಅಮ್ಮಾ, ಎದೆ ಒಂಥರಾ ಹಾರ್ತಿದೆ," ಅಂದ. ಉಳಿದ ಮಕ್ಕಳು ನೋಡುತ್ತಿದ್ದರು.

"ಇಲ್ಲಿ ನಾನು ಅಮ್ಮ ಅಲ್ಲ, ಟೀಚರು. ಓಡು," ಅಂದೆ.

ಓಡಿದ.