ಇಲ್ಲ ಅನ್ನಲಿಲ್ಲವಲ್ಲ

ನವೆಂಬರ್ ೧೨, ಬುಧವಾರ. ಬಿಳಿಗೆರೆ.

ಇವತ್ತಿನ ಕಾಯಂ ಕೆಲಸದ ಸಂದರ್ಶನದಲ್ಲಿ ಪ್ರೊಫೆಸರೊಬ್ಬರು ಕೊನೆಗೆ ಹೇಳಿದ ಮಾತೇ ತಲೆ ತಿಂತಾ ಇದೆ. "ಕೆಲಸ ಇಲ್ಲ ಅಂತ ನಾವೇನು ಹೇಳ್ತಿಲ್ಲ ಮೇಡಂ." ಟೈಪ್ ಥಿಯರಿ ಅನ್ನೋ ಗಣಿತದ ತರ್ಕಶಾಸ್ತ್ರದಲ್ಲಿ ಪಿಎಚ್‌ಡಿ ಮಾಡಿದವಳ ಎದುರು ಆಡುವ ಮಾತಾ ಇದು? ನಮ್ಮ ತರ್ಕದಲ್ಲಿ 'ಇಲ್ಲ ಅನ್ನೋಕಾಗಲ್ಲ' ಅಂದರೆ 'ಇದೆ' ಅಂತ ಆಗಲ್ಲ. ಇದೆ ಅನ್ನುವವರು ತಂದು ತೋರಿಸಬೇಕು. ನನ್ನ ಪೇಪರುಗಳಲ್ಲೆಲ್ಲ ಇದೇ ಹಟ. ಹೊಟ್ಟೆಪಾಡಿಗೆ ಮಾತ್ರ ನರಸೀಪುರದ ಕಾಲೇಜಲ್ಲಿ ಗೆಸ್ಟ್ ಲೆಕ್ಚರರ್, ವರ್ಷಾ ವರ್ಷಾ ಅದೇ ಕ್ಯಾಲ್ಕುಲಸ್.

ನಂಜನಗೂಡಲ್ಲಿ ಬಸ್ಸಿಗೆ ಕಾದೂ ಕಾದೂ ಕಾಲು ಸೋತಿತ್ತು. ಬಾಗಿಲಲ್ಲೇ ನಿಂತಿದ್ದ ಅವ್ವನಿಗೆ ಪ್ರೊಫೆಸರ್ ಅಂದದ್ದನ್ನು ಹಾಗೇ ಹೇಳಿಬಿಟ್ಟೆ.

"ಇಲ್ಲ ಅನ್ನಲಿಲ್ವಲ್ಲ? ಅಂಗಾದ್ರೆ ಆದಂಗೇ ಕಣ್ಮಗ!"

ಆಗಲೇ ಒಲೆ ಮೇಲೆ ಶಾವಿಗೆ ಪಾಯಸಕ್ಕೆ ಹಾಲಿಟ್ಟಳು. ಹಂಗಲ್ಲ ಕಣವ್ವ, ಅಂತ ಶುರು ಮಾಡಿದೆ. ದೇಶದ ದೊಡ್ಡ ದೊಡ್ಡವರ ಜೊತೆ ವಾದಕ್ಕೆ ನಿಂತವಳು ಅವ್ವನ ಅರಳಿದ ಮುಖ ನೋಡಿ ಲೋಟ ತೊಳೆಯೋಕೆ ಹೋದೆ. ಪಕ್ಕದ ಮನೆ ಕೋಮಲಂಗೂ ಒಂದು ಲೋಟ ಹೋಯಿತು. ನಾನೂ ಕುಡಿದೆ. ಇನ್ನೊಂದು ಲೋಟ ಕೇಳಿ ಹಾಕಿಸಿಕೊಂಡೆ.

ಬೆಳಿಗ್ಗೆ ಅವ್ವನಿಗೆ ಬಿಡಿಸಿ ಹೇಳಬೇಕು. ಪಾತ್ರೆಯಲ್ಲಿ ಪಾಯಸ ಇನ್ನೂ ಇದೆ. ಮೊದಲು ಅದು ಖಾಲಿಯಾಗಲಿ.