ಬೇಟೆ ಪ್ಯಾಂಟಿನ ಮಂಡಿ

ಸುಬಾಂಗ್ ಜಯಾ, ಮಲೇಷ್ಯಾ
೨೧ ನವೆಂಬರ್ ೨೦೨೦

ಬೆಟ್ಟದ ಮೇಲೆ ಬಿಜಯಂಗೈದಿರುವ ಶ್ರೀಮಾನ್ ಗುರುದತ್ತರಿಗೆ,

ಬಹುವಚನ ಇಷ್ಟಕ್ಕೇ ಸಾಕು. ಇನ್ನು ಮುಂದೆ ನೀನು.

ಈ ಕಾಗದವನ್ನು ಪ್ಲಾಸ್ಟಿಕ್ಕಿನಲ್ಲಿ ಸುತ್ತಿ, ನೀನು ಮನೆಯಲ್ಲಿ ಬಿಟ್ಟ ಬೇಟೆ ಪ್ಯಾಂಟಿನ ಜೇಬಿನಲ್ಲಿಟ್ಟು, ಕ್ವಾಲಾಲಂಪುರದ ಬ್ರಿಕ್‌ಫೀಲ್ಡ್ಸ್‌ನ ತಮ್ಮ ಅಂಗಡಿಗೆ ತರಕಾರಿ ತರಲು ಮೇಲೆ ಬರುವ ತಿಮ್ಮಪ್ಪನವರ ವ್ಯಾನಿನಲ್ಲಿ ಕಳಿಸುತ್ತಿದ್ದೇನೆ. ಫೋನಿನಲ್ಲಿ ಹೇಳೋಣವೆಂದರೆ ನಾನು ಬಾಯಿ ತೆರೆದ ಕೂಡಲೇ ನಿನಗೆ ಸಿಗ್ನಲ್ ಹೋಗುತ್ತದೆ.

ಕ್ಯಾಮರನ್ ಹೈಲ್ಯಾಂಡ್ಸ್‌ನ ಚಳಿಮಳೆಯನ್ನು ಕಂಪನಿಯ ಹೊಸ ಪ್ಯಾಂಟು ಎಷ್ಟು ತಡೆಯುತ್ತದೆಂದು ನೋಡಲು ಹತ್ತು ದಿನ ಸಾಕು ಅಂದಿದ್ದೆ ನೀನು. ಈ ಕೊರೋನಾ ನಿರ್ಬಂಧದಲ್ಲಿ ಪೊಲೀಸರ ಅನುಮತಿ ಪತ್ರ ಹಿಡಿದು ನೀನು ಹೊರಟಾಗ ನಮ್ಮ ಮಗು ಇಂಚರಾಗೆ ನಾಲ್ಕು ತಿಂಗಳು. ಈಗ ಐದು ತುಂಬಿತು. ಸೊಳ್ಳೆ ಹೊಡೆಯಲು ನನ್ನನ್ನು ಕರೆಯುವ, ಮೊಟ್ಟೆಯ ವಾಸನೆಗೆ ಮೂಗು ಮುಚ್ಚುವ ಮನುಷ್ಯನನ್ನು ಬೇಟೆಗಾರರ ಪರವಾಗಿ ಕಳಿಸಿದ ಆ ಕಂಪನಿಯ ಬುದ್ಧಿಗೆ ಏನು ಹೇಳಲಿ! ಪಕ್ಕದ ಮನೆಯ ಕಾಂತಮ್ಮನವರು ದಿನಾ ಬಾಗಿಲಲ್ಲೇ ನಿಂತು, ಮಾಸ್ಕಿನೊಳಗಿಂದ, "ಏನಮ್ಮಾ, ನಿನ್ನ ಗಂಡ ಇನ್ನೂ ಹುಲಿ ಹುಡುಕ್ತಾನೇ ಇದಾನಾ?" ಎನ್ನುತ್ತಾರೆ. ನಮ್ಮ ಯಜಮಾನರನ್ನು ಕಂಡರೆ ಹುಲಿಯೇ ನಾಚಿಕೊಂಡು ಓಡೀತು ಎಂದೆ.

ಕಳೆದ ವಾರ ವರದಿ ಕಳಿಸಿ ಇಂಗ್ಲಿಷ್ ತಿದ್ದಿಕೊಡು ಎಂದೆಯಲ್ಲ, ಓದಿದೆ. ಒದ್ದೆ ಹುಲ್ಲಿನಲ್ಲಿ ಒಂದು ಗಂಟೆ ಮಂಡಿಯೂರಿದೆಯಂತೆ, ಹನಿ ನೀರೂ ಒಳಗೆ ಬರಲಿಲ್ಲವಂತೆ. ತೊಳೆದು ಹೊರಗೆ ಹರವಿದ್ದು ನಾಲ್ಕೇ ಗಂಟೆಯಲ್ಲಿ ಒಣಗಿತಂತೆ. ಎಲ್ಲಿ, ಮಳೆ ಬಿಟ್ಟರೆ ಮಂಜು ಎಂದು ನೀನೇ ಹೇಳುವ ಊರಿನಲ್ಲಾ? ಇಲ್ಲಿ ಕೆಳಗೆ, ಈ ಸೆಖೆಯಲ್ಲಿ, ಹದಿಮೂರನೇ ಮಹಡಿಯ ಬಾಲ್ಕನಿಯಲ್ಲಿ ನಿನ್ನ ಮಗಳ ಲಂಗೋಟಿ ಒಣಗಲು ಎರಡು ದಿನ ಬೇಕು. ಮಗುವಿನ ಬಟ್ಟೆಯನ್ನು ಒಮ್ಮೆಯಾದರೂ ಹಿಂಡಿ ಹರವಿದ ಗಂಡಸು ಇಂಥ ದಡ್ಡ ಸುಳ್ಳು ಬರೆಯುತ್ತಿರಲಿಲ್ಲ. ಫೋಟೋದಲ್ಲಿ ನೀನು ತೊಟ್ಟಿರುವ ಪ್ಯಾಂಟಿನ ಮೇಲೆ ಪೊಟ್ಟಣದ ಮಡಿಕೆಗಳು ಇನ್ನೂ ಹಾಗೇ ಇವೆ.

ಮನೆಯಲ್ಲಿ ಬಿಟ್ಟುಹೋದ ಎರಡನೇ ಪ್ಯಾಂಟನ್ನು ನಾನೇ ತೊಟ್ಟೆ. ಸೊಂಟಕ್ಕೆ ದುಪಟ್ಟಾ ಬಿಗಿದು, ಬಚ್ಚಲಲ್ಲಿ ಕಾಲು ಚಾಚಿ ಕುಳಿತು, ಇಂಚರಾಳನ್ನು ಕಾಲ ಮೇಲೆ ಮಲಗಿಸಿಕೊಂಡು ನೀರೆರೆದೆ. ಅಮ್ಮ ಬಂದು ಎರೆಯಬೇಕಿತ್ತು. ವಿಮಾನವಿಲ್ಲ, ಮೈಸೂರಿನಿಂದ ವಿಡಿಯೋದಲ್ಲಿ ಹೇಳಿಕೊಡುತ್ತಾಳೆ. ಮಗುವಿನದು ಮುಗಿದ ಮೇಲೆ ಫ್ರಿಜ್ಜಿನ ನೀರನ್ನು ನನ್ನ ಮಂಡಿಗೆ ಸುರಿದುಕೊಂಡೆ. ಹೀಗೆ ಐದು ದಿನ. ಮೊದಲ ದಿನವೇ ಎಡಮಂಡಿಯ ಹೊಲಿಗೆಯಲ್ಲಿ ನೀರು ಬಂತು, ಮೂರನೇ ದಿನ ಬಲಗಡೆಯೂ. ಮಧ್ಯೆ ಒಂದು ದಿನ ಬಿಟ್ಟು ಒಣಗಿಸಿ ನೋಡಿದೆ, ಮೂವತ್ತೊಂದು ಗಂಟೆ. ಎಲ್ಲವನ್ನೂ ನಿನ್ನ ನಮೂನೆಯಲ್ಲೇ ತುಂಬಿದ್ದೇನೆ. ಗಡಿಯಾರ ನೋಡಲು ನನಗೆ ಬೇಕಾದಷ್ಟು ಹೊತ್ತಿದೆ. ಎರಡು ಗಂಟೆ ಒಂದೇ ಸಮನೆ ನಿದ್ದೆ ಮಾಡಿ ತಿಂಗಳಾಯಿತು.

ಒಂದು ಕಾಲಂ ಅರ್ಥವಾಗದೆ ನಿಮ್ಮ ಆಫೀಸಿನ ಅನಿತಾ ಮೇಡಂಗೆ ಫೋನ್ ಮಾಡಿದೆ. "ಎಂತ ಮಯೂರಿ, ಟೆಸ್ಟ್ ಮುಗಿದು ಮೂರು ವಾರ ಆಯ್ತಲ್ಲ, ರಿಪೋರ್ಟ್ ಒಂದೇ ಬಾಕಿ. ಗುರು ಲೀವ್‌ನಲ್ಲಿ ಇದ್ದಾರಲ್ಲ ಲಾ, ಪಾಪುವನ್ನು ನೋಡ್ಲಿಕ್ಕೆ ಅಂತ!" ಎಂದರು, ಇಲ್ಲಿಯವರ ಹಾಗೆ 'ಲಾ' ಎಳೆದು. ಹೌದು ಮೇಡಂ, ನೋಡ್ತಾ ಇದಾರೆ ಎಂದೆ. ನಿನ್ನ ಮಾನ ಉಳಿಸಿದೆನೆಂದು ಹಿಗ್ಗಬೇಡ. ಅದು ನನ್ನ ಮಾನ.

ಮಗುವಿನ ಹೆಸರಲ್ಲಿ ರಜೆ ತೆಗೆದುಕೊಂಡು, ಮಗುವಿನ ಅಳು ಕೇಳಿಸದಷ್ಟು ದೂರದ ಬಾಡಿಗೆ ಕೋಣೆಯಲ್ಲಿ ಕಂಬಳಿ ಹೊದ್ದು ಮಲಗಿದ್ದೀಯ. ಓಡಿಹೋಗುವ ಧೈರ್ಯವೂ ನಿನಗಿಲ್ಲ. ದಿನಾ ಸಂಜೆ ಫೋನ್ ಮಾಡಿ "ಊಟ ಆಯ್ತಾ" ಅಂತೀಯ.

ನಾಳೆ ತಿಮ್ಮಪ್ಪನವರು ಇಳಿಯುವಾಗ ಮುಂದಿನ ಸೀಟು ಖಾಲಿಯಿರುತ್ತದೆ. ದಾರಿಯಲ್ಲಿ ಪೊಲೀಸರು ತಡೆದರೆ ಐದು ತಿಂಗಳ ಮಗುವಿದೆ ಎನ್ನು, ಅವರಿಗಾದರೂ ಅರ್ಥವಾದೀತು. ಎರಡು ವರದಿಗಳೂ ಮೇಜಿನ ಮೇಲಿವೆ. ಯಾವುದಕ್ಕೆ ಸಹಿ ಹಾಕುತ್ತೀಯೋ ಬಂದು ಹಾಕು.

ನಿನ್ನ ಮಗಳ ತಾಯಿ,
ಮಯೂರಿ

ತಾ.ಕ.: ಐದು ದಿನ ಎಂದು ಬರೆದೆ. ಆರನೇ ದಿನವೂ ಎರೆದೆ, ನಿನ್ನೆ. ಅದನ್ನು ನಮೂನೆಯಲ್ಲಿ ತುಂಬಿಲ್ಲ. ಚೊಂಬು ಕೈಯಲ್ಲಿರುವಂತೆಯೇ ನನಗೆ ನಿದ್ದೆ ಹತ್ತಿಬಿಟ್ಟಿತು. ಈ ಬಟ್ಟೆ ಜಾರುತ್ತದೆ, ಗುರು. ಕಣ್ಣು ಬಿಟ್ಟಾಗ ಅವಳು ಪಕ್ಕದಲ್ಲಿ, ನೆಲದ ನೀರಿನಲ್ಲಿದ್ದಳು. ಅತ್ತಳು, ಹಾಲು ಕುಡಿದಳು. ಡಾಕ್ಟರು ನೋಡಿ ಏನೂ ಆಗಿಲ್ಲ ಎಂದರು. ಅಮ್ಮನಿಗೆ ಹೇಳಿಲ್ಲ. ಇವತ್ತು ಒದ್ದೆ ಬಟ್ಟೆಯಲ್ಲಿ ಮೈ ಒರೆಸಿದೆ, ಅಷ್ಟೇ. ನೀನು ಬರುವ ತನಕ ನಾನು ಅವಳಿಗೆ ನೀರೆರೆಯುವುದಿಲ್ಲ.