‘ಈಗ ಬೇಡ’ ಬಟನ್

ಫೆ. 3, ಬೆಳಿಗ್ಗೆ 9
ಸ್ಟುಡಿಯೊ ತೆರೆದೆ. ಎರಡು ಪಾಸ್‌ಪೋರ್ಟ್ ಫೋಟೊ, ಒಂದು ನಾಮಕರಣದ ಆಲ್ಬಂ. ಅಷ್ಟರಲ್ಲಿ ಬುಕ್ಕಾಪಟ್ಟಣದ ಪ್ರಿಯಾಂಕಳ ಫೋನ್. ಅವಳೂ ಗೊಲ್ಲರಹಟ್ಟಿಯ ಚಿಕ್ಕರಂಗಯ್ಯನವರು ಗಣೆ ಊದುವುದನ್ನು ವಿಡಿಯೊ ಮಾಡಿದ್ದಾಳಂತೆ! ಆಳುದ್ದದ ಆ ಬಿದಿರ ಕೊಳಲನ್ನು ಮೊದಲು ವಿಡಿಯೊದಲ್ಲಿ ಹಿಡಿದವಳು ನಾನು.

ಶಿರಾದ ಗೊಲ್ಲರ ಸಂಘದ ವೆಬ್‌ಸೈಟಿಗೆ ಬೇಕಿರುವುದು ಒಂದೇ ವಿಡಿಯೊ. ಆಯ್ಕೆಯಾದವರಿಗೆ ಎಲ್ಲ ಹಟ್ಟಿಗಳ ಹಾಡು, ಗಣೆ ಚಿತ್ರೀಕರಿಸುವ ಕೆಲಸ. ಹದಿನೈದು ವರ್ಷ ಮದುವೆ ಮನೆಗಳಲ್ಲಿ ಕ್ಯಾಮೆರಾ ಹೊತ್ತು ಸಾಕಾಗಿದೆ. ಈ ಕೆಲಸ ನನಗೇ ಬೇಕು. ಅವಳು ನನ್ನ ಹತ್ತಿರ ಲೈಟ್ ಹಿಡಿದು ಕಲಿತವಳು... ಹೊಟ್ಟೆ ಉರಿಯುತ್ತಿದೆ. ಯಾರು ಓದುತ್ತಾರೆ ಇದನ್ನು, ಉರಿಯುತ್ತಿದೆ.

ಫೆ. 6
ಇಬ್ಬರ ವಿಡಿಯೊವೂ ಸೈಟಿಗೆ ಏರಿದೆ. ಅವಳದನ್ನು ತೆರೆದೆ. ಸದ್ದು ಮಾತ್ರ. ಪರದೆ ಕಪ್ಪು!

ಅವಳ ಹೊಸ ಫೋನಿನ ವಿಡಿಯೊ ಫಾರ್ಮ್ಯಾಟಿಗೆ ಪೇಟೆಂಟ್ ಇದೆ. ಲೈಸೆನ್ಸಿನ ಗೊಡವೆಯೇ ಬೇಡವೆಂದು ನನ್ನ ಕಂಪ್ಯೂಟರಿನ ಬ್ರೌಸರಿನವರು ಅದನ್ನು ಸೇರಿಸಿಲ್ಲ. ಸಂಘದ ಆಫೀಸಿನಲ್ಲೂ ಇದೇ ಬ್ರೌಸರ್. ಅವಳ ಫೋನಿನಲ್ಲಿ ಚೆನ್ನಾಗಿ ಕಾಣುತ್ತದೆ, ಅವಳಿಗೇನು ಗೊತ್ತು. ಕನ್ವರ್ಟ್ ಮಾಡಲು ಐದು ನಿಮಿಷ ಸಾಕು.

ಹೇಳಲಿಲ್ಲ.

ಫೆ. 11
ಬ್ರೌಸರಿನವರು ಮನಸ್ಸು ಬದಲಿಸಿದ್ದಾರೆ. ಹೊಸ ಆವೃತ್ತಿಯಲ್ಲಿ ಆ ಫಾರ್ಮ್ಯಾಟ್ ಓಡುತ್ತದಂತೆ. ಇಷ್ಟು ವರ್ಷ ಇಲ್ಲದ ಬುದ್ಧಿ ಈ ವಾರವೇ ಬರಬೇಕಿತ್ತೇ? ನಾಳೆ ಆಯ್ಕೆ.

ಫೆ. 12, ಸಂಜೆ, ಶಿರಾದಿಂದ ಮಧುಗಿರಿಗೆ ವಾಪಸಾಗುವ ಬಸ್ಸಿನಲ್ಲಿ
ಸಂಘದ ಆಫೀಸಿನಲ್ಲಿ ಅಧ್ಯಕ್ಷ ಜಯರಾಮಣ್ಣ, "ಗಂಗಕ್ಕ, ಕಂಪ್ಯೂಟರ್ ನೀನೇ ನೋಡ್ಕಂಡ್ಬುಡು, ನಮ್ಗೆ ಬರಾಕಿಲ್ಲ" ಅಂದ. ಆನ್ ಮಾಡಿದೆ. ಬ್ರೌಸರ್ ಕೇಳಿತು — ಅಪ್‌ಡೇಟ್ ಮಾಡಲೇ? ‘ಈಗ ಬೇಡ’ ಒತ್ತಿದೆ.

ಮೊದಲು ನನ್ನದು. ಡ್ರೋನ್, ಬೆಟ್ಟ, ಗಣೆಯ ಹಿಂದೆ ಕೀಬೋರ್ಡ್ ಮ್ಯೂಸಿಕ್. ಚಪ್ಪಾಳೆ. ಆಮೇಲೆ ಅವಳದು. ಕಪ್ಪು. ಪ್ರಿಯಾಂಕಳ ಮುಖ ಸಣ್ಣಗಾಯಿತು. ನನಗೆ ಹಾಲು ಕುಡಿದಷ್ಟು ಸಂತೋಷ.

ಗಣೆ ಒಂದೇ ನುಡಿಯುತ್ತಿತ್ತು. ಮುಂದೆ ಕೂತಿದ್ದ ಈರಕ್ಕಜ್ಜಿ ಕಣ್ಣು ಮುಚ್ಚಿದಳು. ಪಕ್ಕದವರೂ ಮುಚ್ಚಿದರು. ವೈರ್ ನೋಡಲು ಎದ್ದ ಜಯರಾಮಣ್ಣನಿಗೆ ಅಜ್ಜಿ ಗದರಿದಳು. "ಲೇ, ಕುತ್ಕಳ್ಲಾ! ಗಣೆ ಕೇಳಾಕೆ ಕಣ್ಣ್ಯಾಕೆ?" ಆಮೇಲೆ ನನ್ನ ಕಡೆ ತಿರುಗಿ, "ನಿಂದ್ರಲ್ಲಿ ಆ ಪೀಪಿ ಸದ್ದು ಯಾಕವ್ವ ಹಾಕ್ದೆ?"

ಎಲ್ಲರೂ ಪ್ರಿಯಾಂಕಳದೇ ಇರಲಿ ಅಂದರು. ಕೆಲಸ ಅವಳಿಗೆ.

ಫೆ. 17
ಪ್ರಿಯಾಂಕ ಬಂದಿದ್ದಳು, ಗೊರವನಹಳ್ಳಿ ಪ್ರಸಾದ ಹಿಡಿದು. "ಅಕ್ಕಾ, ಚಿತ್ರ ಬರಂಗೆ ಮಾಡ್ಕೊಡಕ್ಕಾ. ನಿನ್ ಬುಟ್ರೆ ನಂಗ್ಯಾರವ್ರೆ?"

ಸ್ಟುಡಿಯೊದ ಕಂಪ್ಯೂಟರಿನಲ್ಲಿ ಬ್ರೌಸರ್ ಅಪ್‌ಡೇಟ್ ಮಾಡಿದೆ. ಚಿತ್ರ ಬಂತು.

ಥೂ, ನೋಡುವ ಹಾಗಿಲ್ಲ. ಚಿಕ್ಕರಂಗಯ್ಯನವರ ಅರ್ಧ ತಲೆ ಇಲ್ಲ. ಗಣೆಯ ತುದಿ ಫ್ರೇಮಿನಿಂದಾಚೆ. ನಡುನಡುವೆ ಇವಳ ಹೆಬ್ಬೆರಳು. "ಚೆನ್ನಾಗೈತಲ್ವಾಕ್ಕಾ?" ಅಂತ ಬೇರೆ ಕೇಳಿದಳು.

ಅವತ್ತು ಅವರು ಇದನ್ನು ನೋಡಿದ್ದರೆ ಕೆಲಸ ನನ್ನದೇ. ಕಾಣದ ಹಾಗೆ ಆ ಬಟನ್ ಒತ್ತಿದ್ದು —